ಒಂದೇ ಸೂರು, ಹಲವು ಒಲೆ

ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ತಾಯಿಯವರು ಬರೆದ ಕಾಗದವು ಕಳೆದ ತಿಂಗಳು ನಮ್ಮ ಕೈಸೇರಿತು. ಅದನ್ನು ಓದಿದ ಬಳಿಕ, ಈ ಸಲ ಬರೆಯಬೇಕೆಂದುಕೊಂಡಿದ್ದ ವಿಷಯವನ್ನು ಬದಿಗಿರಿಸಿ ಇದನ್ನೇ ಎತ್ತಿಕೊಂಡೆವು. ಕಾಗದದ ಸಾರಾಂಶವಿಷ್ಟು: ಅವರ ಮಗಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಳು. ತಂದೆಯವರ ಪ್ರಕೃತಿ ಕೆಟ್ಟುದರಿಂದ ಕೆಲಸ ಬಿಟ್ಟು ಊರಿಗೆ ಬಂದಿರುವಳು. ತೋಟಕ್ಕೆ ಎಲೆಚುಕ್ಕೆ ರೋಗ ತಗಲಿ ಎರಡು ವರ್ಷಗಳಿಂದ ಅಡಿಕೆಯ ಹುಟ್ಟುವಳಿ ಅರ್ಧಕ್ಕಿಳಿದಿದೆ. ಹೀಗಿರುವಾಗ ಮಗಳು ‘ಸರ್ವರ್’ ಎಂಬ ಯಂತ್ರವೊಂದನ್ನು ಕೊಳ್ಳಲು ೬೦,೦೦೦ ರೂಪಾಯಿ ಕೇಳುತ್ತಿರುವಳು. ಅದರ ಮೇಲೆ ಅಭ್ಯಾಸ ಮಾಡಿ ಮನೆಯಲ್ಲಿದ್ದುಕೊಂಡೇ ಮಾಡಬಹುದಾದ ಉದ್ಯೋಗ ಹಿಡಿಯುವೆನೆನ್ನುವಳು. “ಕೊನೆಕೊಯ್ಲಿನ ಹಣದಲ್ಲಿ ಗೊಬ್ಬರವೂ ಆಗಬೇಕು, ಯಜಮಾನರ ಔಷಧವೂ ಆಗಬೇಕು. ಕೂಸು ಸುಳ್ಳು ಹೇಳುವವಳಲ್ಲ. ಆದರೆ ಇದು ಆಟದ ಸಾಮಾನೋ ಬದುಕಿನ ಸಾಮಾನೋ ನಮಗೆ ತಿಳಿಯದು” ಎಂದು ಆ ತಾಯಿಯವರು ಮುಗಿಸಿರುವರು.

ಮೊದಲಿಗೇ ಉತ್ತರ ಹೇಳಿಬಿಡುವೆವು. ಇದು ಆಟದ ಸಾಮಾನಲ್ಲ. ಆದರೆ ಇದಕ್ಕೆ ೬೦,೦೦೦ ರೂಪಾಯಿ ಬೇಕಿಲ್ಲ. ಅದರ ಮೂರರಲ್ಲೊಂದು ಪಾಲು ಸಾಕು. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಮೊದಲಿನ ಮೂರು ತಿಂಗಳು ಏನೂ ಬೇಕಿಲ್ಲ. ಹೇಗೆಂಬದನ್ನು ತಾಯಂದಿರಿಗೂ ಮಕ್ಕಳಿಗೂ ಒಟ್ಟಿಗೆ ತಿಳಿಯುವಂತೆ ಹೇಳಲು ಯತ್ನಿಸುವೆವು. ಇಂಥ ಪ್ರಶ್ನೆ ಆ ಒಂದು ಮನೆಯದಷ್ಟೇ ಆಗಿರಲಾರದು. ೨೦೨೦ನೇ ಇಸವಿಯ ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಿಗೆ ಮರಳಿದ ಎಳೆಯರು ಮೊಬೈಲ್ ಸಂಪರ್ಕಕ್ಕಾಗಿ ಗುಡ್ಡ ಹತ್ತಿ ಕುಳಿತುದನ್ನು ನಾವೆಲ್ಲ ಕಂಡಿರುವೆವು. ಅಂದಿನಿಂದ ಊರಲ್ಲೇ ಉಳಿದು ದುಡಿಯಬಹುದೆಂಬ ಆಸೆಯು ಅನೇಕ ಮನೆಗಳ ಜಗಲಿಯ ಮೇಲೆ ಬಂದು ಕುಳಿತಿದೆ.

ಹುಡುಗಿಯು ಕೇಳುತ್ತಿರುವ ವಸ್ತುವಾದರೂ ಏನು? ನಮ್ಮ ಕಡೆಯ ದೊಡ್ಡ ಮನೆಗಳನ್ನು ನೆನೆಯಿರಿ. ಅಣ್ಣತಮ್ಮಂದಿರು ಪಾಲಾದರೂ ಮನೆಯನ್ನು ಒಡೆಯುವದಿಲ್ಲ. ಸೂರು ಒಂದೇ, ಬಾವಿ ಒಂದೇ, ಅಂಗಳ ಒಂದೇ; ಆದರೆ ಒಲೆಗಳು ಬೇರೆ ಬೇರೆ. ಒಬ್ಬರ ಮನೆಯ ಸಾರು ಸೀದರೆ ಇನ್ನೊಬ್ಬರ ಊಟ ಕೆಡುವದಿಲ್ಲ. ಹಾಗೆಯೇ ಒಂದು ಗಣಕಯಂತ್ರದೊಳಗೆ ಹಲವು ಗಣಕಯಂತ್ರಗಳು ಬೇರೆ ಬೇರೆ ಸಂಸಾರ ಹೂಡುವಂತೆ ಮಾಡುವ ವಿದ್ಯೆಗೆ ವರ್ಚುವಲೈಸೇಶನ್ ಎನ್ನುವರು. ಒಳಗಿನ ಪ್ರತಿಯೊಂದು ಯಂತ್ರವೂ ತಾನೊಂದೇ ಇರುವೆನೆಂದು ಭಾವಿಸುವದು. ಅವುಗಳಿಗೆಲ್ಲ ಪಾಲು ಹಂಚಿ, ಒಂದರ ತಂಟೆ ಮತ್ತೊಂದಕ್ಕೆ ತಾಗದಂತೆ ನೋಡಿಕೊಳ್ಳುವ ಹಿರಿಯ ಯಜಮಾನನಂಥ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ದೊಡ್ಡ ಕಂಪನಿಗಳ ಗಣಕಶಾಲೆಗಳೆಲ್ಲ ಇಂದು ಈ ರೀತಿಯಲ್ಲೇ ನಡೆಯುವವು. ಅಲ್ಲಿ ಕೆಲಸ ಹಿಡಿಯಬೇಕೆನ್ನುವವರು ಯಂತ್ರಗಳನ್ನು ಕಟ್ಟಬೇಕು, ಕೆಡಿಸಬೇಕು, ಮತ್ತೆ ಕಟ್ಟಬೇಕು. ಕಂಪನಿಯ ಯಂತ್ರದ ಮೇಲೆ ಕೆಡಿಸಿ ಕಲಿಯಲು ಯಾರೂ ಬಿಡರು. ಆದುದರಿಂದಲೇ ಮನೆಯಲ್ಲೊಂದು ಅಭ್ಯಾಸಶಾಲೆ ಬೇಕಾಗುವದು.

ಈ ವಿದ್ಯೆಯು ನಿನ್ನೆ ಮೊನ್ನೆಯದಲ್ಲ. ಅಮೇರಿಕದ ಐಬಿಎಮ್ ಕಂಪನಿಯವರು ೧೯೬೦ರ ದಶಕದಲ್ಲಿಯೇ ಇದನ್ನು ಸಾಧಿಸಿ, ೧೯೭೨ರಲ್ಲಿ ವಿಎಮ್/೩೭೦ ಎಂಬ ಹೆಸರಿನಿಂದ ಪ್ರಕಟಿಸಿದರು. ಆಗ ಒಂದು ಕೋಣೆ ತುಂಬುವ ಯಂತ್ರ ಬೇಕಾಗುತ್ತಿತ್ತು. ೨೦೦೫ರಲ್ಲಿ ಇಂಟೆಲ್ ಕಂಪನಿಯೂ ೨೦೦೬ರಲ್ಲಿ ಎಎಮ್‌ಡಿ ಕಂಪನಿಯೂ ಸಾಮಾನ್ಯ ಗಣಕಗಳ ಪ್ರೊಸೆಸರಿನಲ್ಲಿಯೇ ಇದಕ್ಕೆ ಬೇಕಾದ ಏರ್ಪಾಡನ್ನು ಸೇರಿಸಿದವು. ೨೦೦೭ರಲ್ಲಿ ಲಿನಕ್ಸಿನ ಗರ್ಭದೊಳಗೆ ಕೆವಿಎಮ್ ಎಂಬ ಹೈಪರ್‌ವೈಸರ್ ಸೇರಿತು. ಅಂದಿನಿಂದ ಬಡವರ ಮನೆಗೂ ಈ ವಿದ್ಯೆ ಎಟಕುವಂತಾಯಿತು. ಕೋಣೆ ತುಂಬುತ್ತಿದ್ದ ಕೆಲಸವನ್ನು ಇಂದು ದಪ್ಪ ಪುಸ್ತಕದಷ್ಟು ದೊಡ್ಡದಾದ ಪೆಟ್ಟಿಗೆಯು ಮಾಡುವದು.

ಇನ್ನು ನಾವೇ ಮೋಸಹೋದ ಕಥೆ. ಬುದ್ಧಿ ಹೇಳುವವರು ತಮ್ಮ ತಪ್ಪನ್ನು ಮುಚ್ಚಿಡಬಾರದಷ್ಟೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮಾಣಿಗಾಗಿ ನಾವೂ ಇಂಥದೇ ಯಂತ್ರವನ್ನು ಹುಡುಕಲು ಹೊರಟೆವು. ಬೆಂಗಳೂರಿನ ಒಬ್ಬ ವ್ಯಾಪಾರಿಯು ಯಾವದೋ ಕಚೇರಿಯವರು ತೆಗೆದುಹಾಕಿದ ದೊಡ್ಡ ಸರ್ವರನ್ನು ತೋರಿಸಿದನು. ಎರಡು ಪ್ರೊಸೆಸರ್, ೭೨ ಜೀಬಿ ಮೆಮೊರಿ, ಬೆಲೆ ಹದಿನೆಂಟು ಸಾವಿರ. “ಹೊಸತಾದರೆ ಇದಕ್ಕೆ ನಾಲ್ಕು ಲಕ್ಷ” ಎಂದನು. ಆ ಮಾತು ಸುಳ್ಳಲ್ಲದಿರಬಹುದು, ಮರುಳಾದವರು ನಾವು. ಬಸ್ಸಿನ ಮೇಲೆ ಹೇರಿಸಿ ತಂದು ಜಗಲಿಯ ಮೇಲಿಟ್ಟು ಗುಂಡಿ ಒತ್ತಿದರೆ ಭತ್ತದ ಗಿರಣಿಯಂತೆ ಕೂಗತೊಡಗಿತು. ಕೊಟ್ಟಿಗೆಯ ದನಗಳೂ ಕಿವಿ ನಿಮಿರಿಸಿದವು. ಮೆತ್ತಿನ ಮೇಲಕ್ಕೆ ಸಾಗಿಸಿದರೆ ಹಲಗೆಯ ಮೂಲಕ ಸದ್ದು ಕೆಳಗಿಳಿದು ಹಿರಿಯರ ನಿದ್ದೆ ಕೆಟ್ಟಿತು. ತಿಂಗಳ ಕೊನೆಗೆ ಕರೆಂಟು ಬಿಲ್ಲು ಬಂದ ದಿನ ಮನೆಯವರ ಮುಖವನ್ನು ನೋಡುವ ಧೈರ್ಯ ನಮಗಿರಲಿಲ್ಲ. ಅಳೆದು ನೋಡಿದಾಗ, ಏನೂ ಕೆಲಸವಿಲ್ಲದೆ ಸುಮ್ಮನೆ ಕುಳಿತಾಗಲೂ ಅದು ೧೫೦ ವಾಟ್ ನುಂಗುತ್ತಿತ್ತು. ಮೂರು ತಿಂಗಳಲ್ಲಿ ಅದನ್ನು ಅರ್ಧ ಬೆಲೆಗೆ ದಾಟಿಸಿದೆವು. ಆಗ ಕಲಿತ ಪಾಠವಿಷ್ಟೇ: ಯಂತ್ರಕ್ಕೆ ಕೊಡುವ ಬೆಲೆ ಒಂದು, ಯಂತ್ರವನ್ನು ಸಾಕುವ ಬೆಲೆ ಇನ್ನೊಂದು. ಎಮ್ಮೆ ಕೊಳ್ಳುವಾಗ ಹುಲ್ಲಿನ ಲೆಕ್ಕ ಹಾಕುವ ನಾವು ಇಲ್ಲಿ ಅದನ್ನು ಮರೆತಿದ್ದೆವು.

ಆ ಲೆಕ್ಕವನ್ನು ಈಗ ಹಾಕಿ ತೋರಿಸುವೆವು. ೧೫೦ ವಾಟಿನ ಯಂತ್ರವು ಹಗಲಿರುಳು ನಡೆದರೆ ದಿನಕ್ಕೆ ೩.೬ ಯೂನಿಟ್ಟು, ೩೦ ದಿನಕ್ಕೆ ೧೦೮ ಯೂನಿಟ್ಟು. ನಾವು ಆಮೇಲೆ ಕೊಂಡ ಚಿಕ್ಕ ಯಂತ್ರವು ಸುಮ್ಮನಿರುವಾಗ ಸುಮಾರು ೧೫ ವಾಟ್ ತೆಗೆದುಕೊಳ್ಳುವದು. ತಿಂಗಳಿಗೆ ಹನ್ನೊಂದು ಯೂನಿಟ್ಟು ಸಹ ಪೂರ್ತಿ ಆಗದು. ನಮ್ಮ ರಾಜ್ಯದಲ್ಲಿ ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ವಾಚಕರಿಗೆ ತಿಳಿದೇ ಇದೆ. ಅದರಲ್ಲಿ ಸಾಮಾನ್ಯವಾಗಿ ಹಿಂದಿನ ಬಳಕೆಯ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ ಉಚಿತದ ಮಿತಿಯನ್ನು ಕಟ್ಟಿರುವರು. ಮಿತಿ ಮೀರಿದ ಯೂನಿಟ್ಟಿಗೆ ಹಣ ಕೊಡಬೇಕು. ೨೦೦ ಯೂನಿಟ್ಟು ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿಯಾಗಿ ನಮ್ಮದೇ. ಸರಾಸರಿ ೬೦ ಯೂನಿಟ್ಟಿನ ಮನೆಯನ್ನು ತೆಗೆದುಕೊಳ್ಳಿರಿ. ಮಿತಿಯು ೬೬. ಚಿಕ್ಕ ಯಂತ್ರ ಬಂದರೆ ೭೧ ಆಗಿ, ಐದು ಯೂನಿಟ್ಟಿಗೆ ಹಣ ತೆತ್ತರಾಯಿತು. ಹಳೆಯ ದೊಡ್ಡ ಸರ್ವರ್ ಬಂದರೆ ೧೬೮ ಆಗಿ, ೧೦೨ ಯೂನಿಟ್ಟಿಗೆ ತೆರಬೇಕು. ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ ತಿಂಗಳಿಗೆ ೬೧೨, ವರ್ಷಕ್ಕೆ ಏಳು ಸಾವಿರದ ಮುನ್ನೂರರ ಮೇಲಾಯಿತು. ಮೊದಲೇ ೧೧೦ ಯೂನಿಟ್ಟು ಉರಿಸುವ ಮನೆಯಾದರಂತೂ ಒಟ್ಟು ೨೧೮ ಆಗಿ ಉಚಿತವೆಂಬದೇ ಕೈಬಿಟ್ಟುಹೋಗುವದು. ಹಾಗಾಗಿ ‘ಅಗ್ಗವಾಗಿ ಸಿಕ್ಕಿತು’ ಎಂಬ ಮಾತನ್ನು ಕೇಳಿದೊಡನೆ ‘ಎಷ್ಟು ವಾಟು?’ ಎಂದು ಕೇಳತಕ್ಕದ್ದು.

ಹಾಗಾದರೆ ಕೊಳ್ಳತಕ್ಕದ್ದು ಯಾವದು? ಕೊಳ್ಳುವ ಮುನ್ನ ಮನೆಯ ಕಪಾಟನ್ನು ತೆರೆದು ನೋಡಿರಿ. ಎಂಟು ಜೀಬಿ ಮೆಮೊರಿಯುಳ್ಳ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೇ ಮೊದಲಿನ ಗುರು. ಪರದೆ, ಕೀಲಿಮಣೆ ಎಲ್ಲವೂ ಅದರಲ್ಲೇ ಇರುವವು. ಕರೆಂಟು ಹೋದರೆ ಅದರ ಬ್ಯಾಟರಿಯೇ ಕಾಯುವದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಕೂಡಲೇ ತೆಗೆಯಿಸಬೇಕು, ಅದು ಅಪಾಯಕರವಾದದ್ದು. ಎರಡು ಮೂರು ಚಿಕ್ಕ ಯಂತ್ರಗಳನ್ನು ಒಳಗೆ ಕಟ್ಟಿ ಕಲಿಯಲು ಇಷ್ಟು ಸಾಲುವದು. ಮೂರು ತಿಂಗಳು ಇದರ ಮೇಲೆ ಬೇಸರವಿಲ್ಲದೆ ಕುಳಿತವರಿಗೆ ಮುಂದಿನದನ್ನು ಕೊಡಿಸಬಹುದು.

ಮುಂದಿನದೆಂದರೆ ಕಚೇರಿಗಳು ಬಳಸಿಬಿಟ್ಟ ಮಿನಿ ಗಣಕಯಂತ್ರ. ಲೆನೋವೋ ಕಂಪನಿಯ ಥಿಂಕ್‌ಸೆಂಟರ್ ಟೈನಿ, ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿಯವರ ಎಲೀಟ್‌ಡೆಸ್ಕ್ ಮಿನಿ, ಈ ಮೂರೂ ಒಂದೇ ಜಾತಿಯ ಗಟ್ಟಿ ಪೆಟ್ಟಿಗೆಗಳು. ಇವುಗಳಲ್ಲಿ ಇಂಟೆಲ್ ಎಂಟನೆಯ ಪೀಳಿಗೆಯ ಐ೫-೮೫೦೦ಟಿ ಎಂಬ ಪ್ರೊಸೆಸರ್ ಇದ್ದರೆ ಆರು ಕೋರುಗಳು ದೊರೆಯುವವು. ಹೆಸರಿನ ಕೊನೆಗಿರುವ ‘ಟಿ’ ಎಂಬಕ್ಷರವು ಮಿತವಾಗಿ ಉಣ್ಣುವದರ ಗುರುತು. ಅದರ ಅಂಗೀಕೃತ ಮಿತಿ ೩೫ ವಾಟ್. ಇನ್ನೂ ಅಗ್ಗವಾದದ್ದು ಬೇಕೆಂದರೆ ಆರನೆಯ ಏಳನೆಯ ಪೀಳಿಗೆಯ ನಾಲ್ಕು ಕೋರಿನವು ಇವೆ. ಇವು ಬೆಲೆಯಿಳಿದುದಕ್ಕೆ ಒಂದು ಕಾರಣವುಂಟು. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಬೆಂಬಲವನ್ನು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿತು. ವಿಂಡೋಸ್ ೧೧ ಆದರೋ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಗಿಂತ ಹಿಂದಿನವನ್ನು ಒಪ್ಪುವದಿಲ್ಲ. ಆದುದರಿಂದ ಕಚೇರಿಗಳಿಗೆ ಬೇಡವಾದ ಒಳ್ಳೆಯ ಯಂತ್ರಗಳು ಪೇಟೆಗೆ ಬರುತ್ತಲಿವೆ. ನಮ್ಮ ಅಭ್ಯಾಸಶಾಲೆಯು ನಡೆಯುವದು ಲಿನಕ್ಸಿನ ಮೇಲೆ. ಅದಕ್ಕೆ ಈ ಹಂಗಿಲ್ಲ.

ಹೊಸದೇ ಬೇಕೆನ್ನುವವರಿಗೆ ಇಂಟೆಲ್ ಎನ್೧೦೦ ಎಂಬ ಪ್ರೊಸೆಸರಿನ ಚಿಕ್ಕ ಪೆಟ್ಟಿಗೆಗಳಿರುವವು. ೨೦೨೩ರಲ್ಲಿ ಹೊರಬಂದ ಈ ಪ್ರೊಸೆಸರ್ ನಾಲ್ಕು ಕೋರಿನದು, ಬಲು ಮಿತಾಹಾರಿ. ಆದರೆ ಇಂಟೆಲ್ ಕಂಪನಿಯು ಇದಕ್ಕೆ ಹೇಳಿರುವ ಮೆಮೊರಿಯ ಮಿತಿ ೧೬ ಜೀಬಿ. ಮನೆಯ ಚಿಕ್ಕಪುಟ್ಟ ಕೆಲಸಗಳಿಗೆ ಅದು ಸಾಕು. ವರ್ಷಗಟ್ಟಲೆ ಕಲಿಯುವವರಿಗೆ ಬೇಗ ಇಕ್ಕಟ್ಟಾಗುವದು.

ಇಲ್ಲಿ ಮೆಮೊರಿಯ ಮಾತು ಬಂದಿತು. ಪ್ರೊಸೆಸರಿನ ಹೆಸರನ್ನು ಕೇಳಿ ಮರುಳಾಗುವವರು ಮೆಮೊರಿಯನ್ನು ಕಡೆಗಣಿಸುವದುಂಟು. ನಮ್ಮ ತಾಲೂಕುಗಳ ತೋಟಿಗರಿಗೆ ಇದನ್ನು ತಿಳಿಸುವದು ಕಷ್ಟವಲ್ಲ. ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟವೆಂದು ಹಿಂದಿನವರು ಗೊತ್ತುಮಾಡಿದುದು ಸುಮ್ಮನೆ ಅಲ್ಲ. ಬೆಟ್ಟವಿಲ್ಲದ ತೋಟವು ನೋಡಲು ಎಷ್ಟು ಚೆಂದವಿದ್ದರೂ ಕ್ರಮೇಣ ಸೊರಗುವದು. ಪ್ರೊಸೆಸರ್ ತೋಟವಾದರೆ ಮೆಮೊರಿಯು ಬೆಟ್ಟ. ಇನ್ನೊಂದು ಭೇದವನ್ನೂ ನೆನಪಿಡತಕ್ಕದ್ದು. ಪ್ರೊಸೆಸರೆಂಬದು ಬಾವಿಯ ಹಗ್ಗವಿದ್ದಂತೆ. ಒಬ್ಬರಾದ ಮೇಲೊಬ್ಬರು ಸೇದಬಹುದು, ಆರು ಕೋರುಗಳಲ್ಲಿ ಹತ್ತು ಹನ್ನೆರಡು ಯಂತ್ರಗಳು ಸರದಿಯಂತೆ ನಡೆದಾವು. ಮೆಮೊರಿಯಾದರೋ ಎಲೆಗೆ ಬಡಿಸಿದ ಅನ್ನ. ಒಬ್ಬರು ಉಣ್ಣುತ್ತಿರುವದನ್ನು ಇನ್ನೊಬ್ಬರು ಉಣ್ಣಲಾರರು.

ಒಂದು ಉದಾಹರಣೆ ಕೊಡುವೆವು. ಜಾಲದ ದಾರಿ ತೋರಿಸುವ ಯಂತ್ರಕ್ಕೆ ೧ ಜೀಬಿ, ಅಭ್ಯಾಸದ ಲಿನಕ್ಸ್ ಯಂತ್ರಗಳು ಮೂರಕ್ಕೆ ತಲಾ ೨ರಂತೆ ೬ ಜೀಬಿ, ದತ್ತಸಂಗ್ರಹಕ್ಕೆ ೨, ವಿಂಡೋಸ್ ಸರ್ವರಿನ ಪರೀಕ್ಷಾಪ್ರತಿಗೆ ೪, ಹೈಪರ್‌ವೈಸರಿನ ತನ್ನ ಖರ್ಚಿಗೆ ೨. ಒಟ್ಟು ೧೫ ಆಯಿತು. ಎಂದರೆ ೧೬ ಜೀಬಿಯಲ್ಲಿ ಆರಂಭಿಸಬಹುದು, ೩೨ ಇದ್ದರೆ ಕೈಕಾಲು ಚಾಚಬಹುದು. ೨೦೨೫ರ ಕೊನೆಯಿಂದ ಮೆಮೊರಿಯ ಬೆಲೆಯು ಜಗತ್ತಿನಲ್ಲೆಲ್ಲ ಏರಿತು. ಕೃತಕ ಬುದ್ಧಿಯ ದೊಡ್ಡ ಗಣಕಶಾಲೆಗಳವರು ಮಾಲನ್ನು ಎತ್ತುತ್ತಿರುವದೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಖಾಲಿ ಪೆಟ್ಟಿಗೆಯನ್ನು ಅಗ್ಗದಲ್ಲಿ ತಂದು ಮೆಮೊರಿಯನ್ನು ಆಮೇಲೆ ಕೊಳ್ಳುವೆವೆನ್ನುವದಕ್ಕಿಂತ, ೧೬ ಜೀಬಿ ಒಳಗಿರುವ ಪೆಟ್ಟಿಗೆಯನ್ನೇ ತರುವದು ಲೇಸು. ಅದು ಒಂದೇ ಹಲ್ಲೆಯಲ್ಲಿದ್ದು ಇನ್ನೊಂದು ಜಾಗ ಖಾಲಿಯಿದ್ದರೆ ಮತ್ತೂ ಉತ್ತಮ. ಮುಂದೆ ಹೆಚ್ಚಿಸುವಾಗ ಇದ್ದುದನ್ನು ಎಸೆಯಬೇಕಾಗದು.

ಡಿಸ್ಕಿನ ವಿಷಯದಲ್ಲಿ ಹೇಳತಕ್ಕದ್ದು ಎರಡೇ ಮಾತು. ತಿರುಗುವ ಹಳೆಯ ಡಿಸ್ಕಿನ ಮೇಲೆ ಹಲವು ಯಂತ್ರಗಳನ್ನು ನಡೆಯಿಸಿದರೆ ಎಲ್ಲವೂ ಬಸವನ ಹುಳುವಾಗುವವು. ಎಸ್‌ಎಸ್‌ಡಿ ಬೇಕು, ೨೫೬ ಜೀಬಿಯಿಂದ ಆರಂಭಿಸಿದರೆ ನಡೆದೀತು. ಎರಡನೆಯದಾಗಿ, ಹೊರಗಿನ ಡಿಸ್ಕೊಂದರ ಮೇಲೆ ವಾರಕ್ಕೊಮ್ಮೆ ಪ್ರತಿ ತೆಗೆದು, ಆ ಡಿಸ್ಕನ್ನು ಬಿಚ್ಚಿ ಬೇರೆಡೆ ಇಡಬೇಕು. ಬಿತ್ತನೆಯ ಬೀಜವನ್ನು ಉಣ್ಣುವ ಅಕ್ಕಿಯ ಕಣಜದಲ್ಲಿಯೇ ಇಡುವವರಿಲ್ಲವಷ್ಟೆ.

ಇನ್ನು ಹಳೆಯ ಯಂತ್ರವನ್ನು ಪರೀಕ್ಷಿಸುವ ಬಗೆ. ಶಿರಸಿಯ ಪೇಟೆಯಲ್ಲಿ ಅಡಿಕೆ ಕೊಳ್ಳುವವರು ಚೀಲದ ಮೇಲ್ಭಾಗವನ್ನಷ್ಟೇ ನೋಡುವದಿಲ್ಲ. ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡುವರು. ಇಲ್ಲಿಯೂ ಹಾಗೆಯೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಸರಿ, ಹುಬ್ಬಳ್ಳಿಯಲ್ಲಿ ಕೊಂಡರೂ ಸರಿ, ಅಂಚೆಯ ಮೂಲಕ ತರಿಸಿದರೂ ಸರಿ, ಇಷ್ಟನ್ನು ನೋಡಿಕೊಳ್ಳಬೇಕು. ಗುಂಡಿಯೊತ್ತಿ ಬಯಾಸ್ ಎಂಬ ಮೂಲ ಏರ್ಪಾಡಿನ ಪುಟವನ್ನು ತೆರೆಯಿಸಬೇಕು. ಹಿಂದಿನ ಕಚೇರಿಯವರು ಹಾಕಿದ ಗುಪ್ತಪದದ ಬೀಗ ಉಳಿದಿದ್ದರೆ ಆ ಯಂತ್ರ ಬೇಡ. ಅದೇ ಪುಟದಲ್ಲಿ ವಿಟಿ-ಎಕ್ಸ್ ಮತ್ತು ವಿಟಿ-ಡಿ ಎಂಬವು ಇವೆಯೆ, ಅವನ್ನು ಚಾಲೂ ಮಾಡಬಹುದೆ ಎಂದು ನೋಡಬೇಕು. ವಿಟಿ-ಎಕ್ಸ್ ಇಲ್ಲದಿದ್ದರೆ ನಮ್ಮ ಕೆಲಸವೇ ಇಲ್ಲ. ಕರೆಂಟಿನ ಅಡಾಪ್ಟರ್ ಅದೇ ಕಂಪನಿಯ ಮೂಲದ್ದಾಗಿರಬೇಕು. ಕೆಲವು ಯಂತ್ರಗಳು ಪರಕೀಯ ಅಡಾಪ್ಟರನ್ನು ಕಂಡರೆ ಮುನಿಸಿಕೊಂಡು ವೇಗವನ್ನೇ ಇಳಿಸಿಬಿಡುವವು. ಎಸ್‌ಎಸ್‌ಡಿಯ ಆರೋಗ್ಯದ ಅಂಕಿಗಳನ್ನು ತೋರಿಸುವ ತಂತ್ರಾಂಶವಿದೆ, ಅದನ್ನು ನಡೆಯಿಸಿ ನೋಡಬೇಕು. ಮನೆಗೆ ತಂದ ರಾತ್ರಿ ಮೆಮೊರಿಯ ಪರೀಕ್ಷೆಯನ್ನು ಹಚ್ಚಿ ಮಲಗಬೇಕು. ಬೆಳಿಗ್ಗೆ ಒಂದೇ ತಪ್ಪು ಕಂಡರೂ ಹಿಂದಕ್ಕೆ ಕೊಡಬೇಕು. ಹಾಗೆ ಕೊಡಲಿಕ್ಕಾಗಿಯೇ ಬಿಲ್ಲನ್ನೂ, ಒಂದು ತಿಂಗಳಿನದಾದರೂ ಗ್ಯಾರಂಟಿಯನ್ನೂ ಬರೆಯಿಸಿಕೊಳ್ಳಬೇಕು. ಬಾಯಿಮಾತಿನ ಗ್ಯಾರಂಟಿಯು ಘಟ್ಟ ಹತ್ತಿ ಬರುವದಿಲ್ಲ.

ಯಂತ್ರವು ಮನೆಗೆ ಬಂದ ಮೇಲೆ ಅದರ ಶತ್ರುಗಳಾರೆಂದು ತಿಳಿಯಬೇಕು. ನಗರದ ಪುಸ್ತಕಗಳಲ್ಲಿ ಇವು ಬರೆದಿರುವದಿಲ್ಲ. ಮೊದಲನೆಯದು ಕರೆಂಟು. ಜೋಗದ ಜಲಪಾತವು ಸಿದ್ದಾಪುರದ ಗಡಿಯಲ್ಲಿದೆ. ಅಲ್ಲಿಯ ವಿದ್ಯುದಾಗಾರವು ೧೯೪೮ರಿಂದ ನಾಡನ್ನು ಬೆಳಗುತ್ತಿದೆ. ಕೊಡಸಳ್ಳಿಯ ಅಣೆಕಟ್ಟು ಯಲ್ಲಾಪುರ ತಾಲೂಕಿನಲ್ಲಿಯೇ ಇದೆ. ಆದರೂ ಜೂನ್ ತಿಂಗಳ ಒಂದು ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ನಮ್ಮ ಮನೆಗಳಲ್ಲಿ ಎರಡು ದಿನ ಕತ್ತಲೆ. ಇದನ್ನು ದೂರುತ್ತ ಕೂಡ್ರುವದಕ್ಕಿಂತ ಇನ್ವರ್ಟರಿನ ಲೆಕ್ಕ ಹಾಕುವದು ಮೇಲು. ಮನೆಗಳಲ್ಲಿ ಸಾಮಾನ್ಯವಾಗಿರುವ ೧೨ ವೋಲ್ಟ್, ೧೫೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ೧,೮೦೦ ವಾಟ್-ಗಂಟೆಯಷ್ಟು ಶಕ್ತಿಯಿರುವದು. ಬ್ಯಾಟರಿಯು ಬಾಳಬೇಕಾದರೆ ಅರ್ಧದಷ್ಟನ್ನೇ, ಎಂದರೆ ೯೦೦ನ್ನೇ ಬಳಸತಕ್ಕದ್ದು. ಚಿಕ್ಕ ಯಂತ್ರಕ್ಕೆ ೧೫, ಇಂಟರ್ನೆಟ್ ಪೆಟ್ಟಿಗೆಗೆ ೧೦, ಇನ್ವರ್ಟರ್ ತಾನೇ ತಿನ್ನುವದು ಸುಮಾರು ೨೦, ಒಟ್ಟು ೪೫ ವಾಟ್; ಇಪ್ಪತ್ತು ಗಂಟೆ ನಡೆದೀತು. ನಮ್ಮ ಹಳೆಯ ಗಿರಣಿಯಾದರೆ ೧೮೦ ವಾಟಿಗೆ ಐದೇ ಗಂಟೆ, ಅದೂ ದೀಪ ಹಚ್ಚದೆ ಕುಳಿತರೆ. ಇನ್ವರ್ಟರಿನಲ್ಲಿ ಯುಪಿಎಸ್ ಎಂಬ ಗುಂಡಿಯಿದ್ದರೆ ಅದನ್ನು ಒತ್ತಿರಿ. ಕರೆಂಟು ಬದಲಾಗುವ ಕ್ಷಣದಲ್ಲಿ ಯಂತ್ರವು ಆರಿಹೋಗದು.

ಎರಡನೆಯ ಶತ್ರು ಸಿಡಿಲು. ಏಪ್ರಿಲ್-ಮೇ ತಿಂಗಳ ಅಡ್ಡ ಮಳೆಗೂ ಅಕ್ಟೋಬರಿನ ಹಿಂಗಾರಿಗೂ ಗುಡುಗು ಹೆಚ್ಚು. ತಾಮ್ರದ ದೂರವಾಣಿ ತಂತಿಯಿದ್ದ ಕಾಲದಲ್ಲಿ ಸಿಡಿಲು ಆ ದಾರಿಯಿಂದಲೇ ಮನೆಯೊಳಗೆ ಬರುತ್ತಿತ್ತು. ಈಗಿನ ಫೈಬರಿನ ಗಾಜಿನೆಳೆಯು ವಿದ್ಯುತ್ತನ್ನು ಒಯ್ಯದು. ಆದರೆ ಅದನ್ನು ಹೊತ್ತು ತರುವ ಕೇಬಲ್ಲಿನಲ್ಲಿ ಲೋಹದ ತಂತಿ ಇರುವದುಂಟು, ಕರೆಂಟಿನ ತಂತಿಯಂತೂ ಇದ್ದೇ ಇದೆ. ಮನೆಯ ಅರ್ಥಿಂಗ್ ಸರಿಯಾಗಿದೆಯೆಂದು ಬಲ್ಲವರಿಂದ ನೋಡಿಸಿ, ಸರ್ಜ್ ತಡೆಯುವ ಬೋರ್ಡನ್ನು ಹಾಕಿಸಿರಿ. ಅಷ್ಟಾದರೂ ಗುಡುಗು ಹತ್ತಿರ ಬಂದಾಗ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ ಪ್ಲಗ್ಗನ್ನು ಕೀಳುವದೇ ಕ್ಷೇಮ. ಇದನ್ನು ಮನೆಯ ಹಿರಿಯರಿಗೂ ಕಲಿಸಿಡಬೇಕು.

ಮೂರನೆಯದು ಮಳೆಗಾಲದ ತಂಪು. ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುವ ನಾಡು ನಮ್ಮದು. ನಿಂತ ಯಂತ್ರಕ್ಕೆ ತೇವ ಕೂಡ್ರುವದು. ನಡೆಯುವ ಯಂತ್ರವು ತನ್ನ ಬಿಸಿಯಿಂದ ತಾನೇ ಒಣಗಿರುವದು. ಆದುದರಿಂದ ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಮುಚ್ಚಿಡಬೇಡಿರಿ. ಬಚ್ಚಲ ಒಲೆಯ ಹೊಗೆ ತಾಗುವಲ್ಲಿಯೂ, ಹಂಚಿನ ಸೋರಿಕೆಯ ಕೆಳಗೂ, ನೆಲಕ್ಕೆ ತಾಗಿಯೂ ಇಡಬಾರದು. ಬೆಚ್ಚಗಿನ ಮೂಲೆ ಕಂಡರೆ ಇರುವೆಯೂ ಹಲ್ಲಿಯೂ ಸಂಸಾರ ಹೂಡುವವು. ಮಳೆಗಾಲದ ಮುನ್ನೊಮ್ಮೆ, ದೀಪಾವಳಿಯ ಬಳಿಕೊಮ್ಮೆ ಮುಚ್ಚಳ ತೆಗೆದು ಮೆತ್ತನೆಯ ಕುಂಚದಿಂದ ಗುಡಿಸಬೇಕು.

ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ಹಿಂದೆ ಅನೇಕ ಅಭ್ಯಾಸಿಗಳು ವಿಎಮ್‌ವೇರ್ ಕಂಪನಿಯ ಇಎಸ್‌ಎಕ್ಸ್‌ಐ ಎಂಬುದರ ಉಚಿತ ಪ್ರತಿಯನ್ನು ನಂಬಿದ್ದರು. ೨೦೨೩ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿಯು ವಿಎಮ್‌ವೇರನ್ನು ಕೊಂಡಿತು. ೨೦೨೪ರ ಫೆಬ್ರವರಿಯಲ್ಲಿ ಉಚಿತ ಪ್ರತಿಯು ನಿಂತಿತು. ೨೦೨೫ರ ಏಪ್ರಿಲಿನಲ್ಲಿ ಮತ್ತೆ ಬಂದಿತು. ಹೀಗೆ ಕೊಟ್ಟು ಕಿತ್ತುಕೊಳ್ಳುವ ಕೈಯನ್ನು ನಂಬಿ ಅಭ್ಯಾಸಶಾಲೆ ಕಟ್ಟುವದಕ್ಕಿಂತ, ೨೦೦೮ರಿಂದ ಬಂದಿರುವ ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಳ್ಳುವದು ಒಳಿತು. ಅದರ ಅಡಿಪಾಯವು ಡೆಬಿಯನ್ ಲಿನಕ್ಸ್, ಯಜಮಾನಿಕೆಯು ಮೇಲೆ ಹೇಳಿದ ಕೆವಿಎಮ್‌ನದು. ಸಹಾಯ ಬೇಕಾದ ಕಂಪನಿಗಳು ಚಂದಾ ಕೊಡುವವು. ಮನೆಯವರು ಕೊಡದೆ ಬಳಸಬಹುದು.

‘ಇಷ್ಟೆಲ್ಲ ಏಕೆ, ಕ್ಲೌಡಿನಲ್ಲಿ ಬಾಡಿಗೆಗೆ ಯಂತ್ರ ಸಿಗುವದಲ್ಲ?’ ಎಂದು ಕೇಳುವವರಿರುವರು. ಸಿಗುವದು ನಿಜ, ಅದನ್ನೂ ಕಲಿಯಬೇಕಾದುದೇ. ಆದರೆ ಬಾಡಿಗೆಯ ಯಂತ್ರವನ್ನು ನಿಲ್ಲಿಸಲು ಮರೆತರೆ ಬಿಲ್ಲು ಬೆಳೆಯುತ್ತಲೇ ಹೋಗುವದು. ಅದಕ್ಕಿಂತ ಮುಖ್ಯವಾಗಿ, ಮರ ಬಿದ್ದು ಫೈಬರ್ ಹರಿದ ವಾರದಲ್ಲಿ ಕ್ಲೌಡು ಆಕಾಶದಲ್ಲಿಯೇ ಉಳಿಯುವದು. ಮನೆಯ ಯಂತ್ರವು ಇಂಟರ್ನೆಟ್ ಇಲ್ಲದೆಯೂ ಪಾಠ ಹೇಳುವದು. ಬೇಕಾದ ತಂತ್ರಾಂಶಗಳ ಪ್ರತಿಗಳನ್ನು ಬೇಸಿಗೆಯಲ್ಲಿಯೇ ಇಳಿಸಿಟ್ಟುಕೊಂಡರೆ ಮಳೆಗಾಲವೇ ಅಭ್ಯಾಸಕ್ಕೆ ಒಳ್ಳೆಯ ಕಾಲ.

ಈಗ ಒಟ್ಟು ಖರ್ಚು. ನಾವು ನಮ್ಮ ಎರಡನೆಯ ಯಂತ್ರವನ್ನು ಕೊಂಡಾಗ, ೧೬ ಜೀಬಿ ಮೆಮೊರಿ, ೨೫೬ ಜೀಬಿ ಎಸ್‌ಎಸ್‌ಡಿ ಸಹಿತವಾದ ಪೆಟ್ಟಿಗೆಗೆ ಹದಿನೈದು ಸಾವಿರ, ಹೊರಗಿನ ಡಿಸ್ಕಿಗೆ ನಾಲ್ಕೂವರೆ ಸಾವಿರ, ಸರ್ಜ್ ತಡೆಯುವ ಬೋರ್ಡಿಗೆ ಒಂದು ಸಾವಿರ, ಹೀಗೆ ೨೦,೫೦೦ ರೂಪಾಯಿ ತಗಲಿತು. ಬೆಲೆಗಳು ಏರಿಳಿಯುವದರಿಂದ ಒಂದೆರಡು ಸಾವಿರವನ್ನು ಕೈಯಲ್ಲಿ ಹೆಚ್ಚಾಗಿ ಇಟ್ಟುಕೊಂಡು ಹೊರಡಿರಿ. ಪರದೆಯನ್ನು ಕೊಳ್ಳಬೇಡಿರಿ, ಮೊದಲ ದಿನ ಮನೆಯ ಟೀವಿಗೆ ಜೋಡಿಸಿ ಏರ್ಪಾಡು ಮಾಡಿದರೆ, ಆಮೇಲೆ ಎಲ್ಲವನ್ನೂ ಲ್ಯಾಪ್‌ಟಾಪಿನಿಂದಲೇ ನಡೆಯಿಸಬಹುದು.

ಕೊನೆಯಲ್ಲಿ ಆ ಮಗಳಿಗೊಂದು ಮಾತು. ತಂಗೀ, ಯಂತ್ರವು ಉದ್ಯೋಗವನ್ನು ಕೊಡದು. ಅದರ ಮೇಲೆ ನೀನು ಮಾಡಿದ ಕೆಲಸವು ಕೊಟ್ಟೀತು. ಮೊದಲ ತಿಂಗಳು ಮೂರು ಲಿನಕ್ಸ್ ಯಂತ್ರಗಳನ್ನು ಕಟ್ಟಿ ಒಂದರೊಡನೊಂದು ಮಾತಾಡಿಸು. ಎರಡನೆಯ ತಿಂಗಳು ಅವುಗಳಲ್ಲೊಂದನ್ನು ಬೇಕೆಂದೇ ಕೆಡಿಸಿ, ಪ್ರತಿಯಿಂದ ಮರಳಿ ಎಬ್ಬಿಸು. ಮೂರನೆಯ ತಿಂಗಳು, ಕೈಯಿಂದ ಮಾಡಿದುದನ್ನೆಲ್ಲ ಒಂದೇ ಅಪ್ಪಣೆಯಿಂದ ತಾನಾಗಿ ಆಗುವಂತೆ ಬರೆ. ಮಾಡಿದುದನ್ನು ದಿನದಿನವೂ ಒಂದು ವಹಿಯಲ್ಲಿ ಬರೆದಿಡು. ರೆಡ್‌ಹ್ಯಾಟ್ ಕಂಪನಿಯವರ ಲಿನಕ್ಸ್ ಪರೀಕ್ಷೆಯಂಥವು ಬಾಯಿಪಾಠವನ್ನು ಕೇಳುವದಿಲ್ಲ. ಯಂತ್ರವನ್ನು ಮುಂದಿಟ್ಟು, ಮಾಡಿ ತೋರಿಸೆನ್ನುವವು. ಅಂಥಲ್ಲಿ ನಿನ್ನ ಆ ವಹಿಯು ನೆರವಾಗುವದು.

ತಾಯಿಯವರಿಗೆ ಹೇಳುವದಿಷ್ಟು. ಮನೆಯ ಹಳೆಯ ಲ್ಯಾಪ್‌ಟಾಪಿನ ಮೇಲೆ ದೀಪಾವಳಿಯಿಂದ ಆರಂಭವಾಗಲಿ. ಸಂಕ್ರಾಂತಿಯ ಹೊತ್ತಿಗೆ ವಹಿಯು ತುಂಬಿದ್ದರೆ ಕೊನೆಕೊಯ್ಲಿನ ಹಣದಲ್ಲಿ ಇಪ್ಪತ್ತೆರಡು ಸಾವಿರವನ್ನು ಮೀರದೆ ಕೊಡಿಸಿರಿ. ಉಳಿದುದರಲ್ಲಿ ಔಷಧವೂ ಆಗಲಿ, ಗೊಬ್ಬರವೂ ಆಗಲಿ. ಒಂದು ವರ್ಷದವರೆಗೆ ‘ಕೆಲಸ ಸಿಕ್ಕಿತೇ?’ ಎಂದು ವಾರವಾರವೂ ಕೇಳಬೇಡಿರಿ. ಅಡಿಕೆಯ ಸಸಿಯನ್ನು ನೆಟ್ಟು ಐದಾರು ವರ್ಷ ಕಾಯುವ ನಮಗೆ, ಮಗಳಿಗಾಗಿ ಒಂದು ವರ್ಷ ಕಾಯುವದು ಹೆಚ್ಚಲ್ಲ. ಕೆಲಸವು ದೊರೆಯದೆ ಹೋದರೂ ಯಂತ್ರಕ್ಕೆ ಅರ್ಧ ಬೆಲೆ ಬಂದೀತು, ಕಲಿತುದು ಅವಳಲ್ಲೇ ಉಳಿದೀತು. ದೊರೆತರೆ, ತಂದೆಯವರ ಮಂಚದ ಪಕ್ಕದ ಕೋಣೆಯಲ್ಲಿಯೇ ಕುಳಿತು ಮಗಳು ದುಡಿಯುವಳು. ಆ ಸುದ್ದಿಯನ್ನು ನಮಗೂ ಒಂದು ಕಾಗದದಲ್ಲಿ ತಿಳಿಸಿರೆಂದು ಕೇಳಿಕೊಳ್ಳುವೆವು.